ನಿಮ್ಮದು ಒಣ ಸೆಕೆಯೋ, ಬೆವರಿನ ಸೆಕೆಯೋ? ಬೇಸಿಗೆಗೆ ಏನು ಆರಿಸಿಕೊಳ್ಳಬೇಕು ಅನ್ನುವ ಹೋಲಿಕೆ

ಏಪ್ರಿಲ್ ಶುರುವಾದರೆ ಸಾಕು, ಎಲ್ಲರಿಗೂ ಒಂದೇ ಸಲಹೆ. ಕೂಲರ್ ತಗೊಳ್ಳಿ, ಮಡಕೆ ನೀರು ಕುಡಿಯಿರಿ, ಕಿಟಕಿ ತೆಗೆದಿಡಿ, ರಜಕ್ಕೆ ಮಡಿಕೇರಿಗೆ ಹೋಗಿ. ಕೇಳುವವರು ರಾಯಚೂರಿನವರೋ ಮಂಗಳೂರಿನವರೋ ಅಂತ ಯಾರೂ ನೋಡುವುದಿಲ್ಲ. ರಾಯಚೂರಿನಲ್ಲಿ ಹಾಯೆನಿಸುವ ಕೂಲರ್ ಮಂಗಳೂರಿನ ಕೋಣೆಯನ್ನು ಬಿಸಿನೀರು ಕಾಯಿಸಿದ ಬಚ್ಚಲಿನ ಹಾಗೆ ಮಾಡಿಬಿಡುತ್ತದೆ. ಮಂಗಳೂರಿನಲ್ಲಿ ದಿನವಿಡೀ ತೆರೆದಿಡುವ ಕಿಟಕಿಯನ್ನು ಕಲಬುರಗಿಯಲ್ಲಿ ಹಾಗೇ ಬಿಟ್ಟರೆ ಮಧ್ಯಾಹ್ನ ಮನೆಯೊಳಗೆ ಕೂರಲು ಆಗುವುದಿಲ್ಲ.

ಅದಕ್ಕೇ ಇಲ್ಲಿ ಒಂದೊಂದು ಆಯ್ಕೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ನಿಮ್ಮೂರಿನ ಸೆಕೆ ಯಾವ ಜಾತಿಯದು?

ಒದ್ದೆ ಟವೆಲ್ ಪರೀಕ್ಷೆ

ಮಧ್ಯಾಹ್ನ ಹನ್ನೆರಡಕ್ಕೆ ಒಂದು ತೆಳ್ಳನೆ ಹತ್ತಿ ಟವೆಲ್ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ನೆರಳಿನಲ್ಲಿ ಒಣಹಾಕಿ. ಊಟ ಮುಗಿಸಿ ಬರುವಷ್ಟರಲ್ಲಿ ಗರಿಗರಿಯಾಗಿದ್ದರೆ ನಿಮ್ಮದು ಒಣ ಸೆಕೆ. ಸಂಜೆ ಕಾಫಿ ಹೊತ್ತಿಗೂ ತಣ್ಣಗೆ ಜೋತುಬಿದ್ದಿದ್ದರೆ ಬೆವರಿನ ಸೆಕೆ.

ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಕಡೆ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಆದರೆ ಗಾಳಿ ಒಣಗಿರುತ್ತದೆ, ಬೆವರು ಬಂದಷ್ಟೂ ಆರಿಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ 33–35 ಡಿಗ್ರಿ ಅಷ್ಟೇ. ಅಷ್ಟಕ್ಕೇ ಮೈಯೆಲ್ಲ ಅಂಟಂಟು, ಸ್ನಾನ ಮಾಡಿ ಬಂದು ಒರೆಸಿಕೊಳ್ಳುವಾಗಲೇ ಮತ್ತೆ ಬೆವರು. ನಮ್ಮ ಮೈ ತಂಪಾಗುವುದೇ ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿದ್ದರೆ ಬೆವರು ಆರುವುದಾದರೂ ಎಲ್ಲಿಗೆ?

ಬೆಂಗಳೂರು, ತುಮಕೂರು, ಮೈಸೂರು, ಹಾಸನ ಇವೆರಡರ ನಡುವಿನವು. ಮಾರ್ಚಿನಲ್ಲಿ ಒಣ ಸೆಕೆ. ಒಂದೆರಡು ಗುಡುಗುಮಳೆ ಬಿದ್ದ ಮೇಲೆ ಕೆಲವು ದಿನ ಬೆವರಿನ ಸೆಕೆ. ‘ನಮ್ಮ ಬೆಂಗಳೂರಿಗೆ ಏನೂ ಬೇಡ’ ಅನ್ನುವ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು.

ಫ್ಯಾನೋ, ಕೂಲರೋ, ಏಸಿಯೋ?

ಕೂಲರ್ ಕೆಲಸ ಮಾಡುವ ರೀತಿ ಸರಳ. ಒದ್ದೆಯಾದ ಪ್ಯಾಡಿನ ಮೂಲಕ ಗಾಳಿ ಎಳೆಯುತ್ತದೆ. ನೀರು ಆರುವಾಗ ಗಾಳಿಯ ಕಾವನ್ನು ಹೀರಿಕೊಳ್ಳುತ್ತದೆ. ಒಣ ಸೆಕೆಯ ಊರಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಇಲ್ಲ. ಸಾಧಾರಣ ಮನೆ ಕೂಲರ್ 150ರಿಂದ 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಹತ್ತು ಗಂಟೆ ಓಡಿಸಿದರೂ ಎರಡು ಯೂನಿಟ್ ಒಳಗೇ.

ಆದರೆ ಕೂಲರನ್ನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯ ನಡುವೆ ಇಟ್ಟು ‘ಏನೂ ತಂಪಿಲ್ಲ’ ಅನ್ನುವವರು ಬಹಳ ಜನ. ಅದು ಹೊರಗಿನ ಒಣ ಗಾಳಿ ಎಳೆಯಬೇಕು, ಒಳಗಿನ ಪಸೆಗಾಳಿ ಇನ್ನೊಂದು ಕಡೆಯಿಂದ ಹೊರಹೋಗಬೇಕು. ಕಿಟಕಿಗೆ ಬೆನ್ನು ಮಾಡಿ ಇಡಿ, ಎದುರಿನ ಬಾಗಿಲು ಅರ್ಧ ತೆರೆದಿಡಿ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ಒರೆಸಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಪ್ಯಾಡಿಗೆ ಉಪ್ಪು ಕಟ್ಟಿ ಗಾಳಿಯೇ ಬರುವುದಿಲ್ಲ. ಅಂಥ ಕಡೆ ಮರದ ನಾರಿನ ಅಗ್ಗದ ಪ್ಯಾಡ್ ಹಾಕಿ ವರ್ಷವರ್ಷ ಬದಲಿಸುವುದೇ ವಾಸಿ. ಇನ್ನೊಂದು ಮಾತು, ಕೂಲರ್ ದಿನಕ್ಕೆ ಕೊಡಗಟ್ಟಲೆ ನೀರು ಕುಡಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ ಆ ಲೆಕ್ಕವನ್ನೂ ಹಾಕಬೇಕು, ಅಲ್ವಾ?

ಕರಾವಳಿಯವರು ಕೂಲರಿಗೆ ದುಡ್ಡು ಹಾಕಲೇಬೇಡಿ. ನಿಮಗೆ ಇರುವುದು ಎರಡೇ ದಾರಿ, ಒಳ್ಳೆಯ ಫ್ಯಾನ್ ಇಲ್ಲವೇ ಏಸಿ. ಏಸಿ ಗಾಳಿಯ ಪಸೆಯನ್ನೂ ತೆಗೆಯುತ್ತದೆ. ಹಾಗಾಗಿ ಬೆವರಿನ ಸೆಕೆಯಲ್ಲಿ 26–27 ಡಿಗ್ರಿಗೆ ಇಟ್ಟು ಮೇಲೆ ಫ್ಯಾನ್ ಮೆಲ್ಲಗೆ ಹಾಕಿದರೂ ಸುಖವಾಗಿ ನಿದ್ದೆ ಬರುತ್ತದೆ. 18ಕ್ಕೆ ಇಟ್ಟು ರಗ್ಗು ಹೊದೆಯುವುದು ಯಾಕೆ? ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಕರ್ನಾಟಕದಲ್ಲಿ ಏಸಿ ಕೊಳ್ಳುವ ಮುಂಚೆ ಇನ್ನೊಂದು ಲೆಕ್ಕ ಹಾಕಲೇಬೇಕು, ಗೃಹಜ್ಯೋತಿ. ಒಂದೂವರೆ ಟನ್ನಿನ ಇನ್ವರ್ಟರ್ ಏಸಿ ಗಂಟೆಗೆ ಸರಾಸರಿ ಒಂದು ಯೂನಿಟ್ ಎಳೆಯಿತು ಅಂತಿಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್. ಇದರ ಮೇಲೆ ಫ್ರಿಜ್ಜು, ಮಿಕ್ಸಿ, ಟೀವಿ, ಪಂಪು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಬಿಲ್ ಬರುವುದಿಲ್ಲ, ಪೂರ್ತಿ ಬಿಲ್ ನಿಮ್ಮ ತಲೆಗೆ ಬರುತ್ತದೆ. ಇಲ್ಲಿಯವರೆಗೆ ಶೂನ್ಯ ಬಿಲ್ ನೋಡಿದವರಿಗೆ ಏಪ್ರಿಲ್–ಮೇ ಬಿಲ್ ದೊಡ್ಡ ಹೊಡೆತವೇ. ವಯಸ್ಸಾದವರು, ಕೂಸು, ಹೃದಯದ ತೊಂದರೆ ಇರುವವರು ಮನೆಯಲ್ಲಿದ್ದರೆ ಆ ದುಡ್ಡು ಕೊಟ್ಟರೂ ನಷ್ಟವಿಲ್ಲ. ಬರೀ ‘ಎಲ್ಲರ ಮನೆಯಲ್ಲೂ ಇದೆ’ ಅನ್ನುವ ಕಾರಣಕ್ಕಾದರೆ ಒಂದು ಬೇಸಿಗೆ ತಡೆದು ನೋಡಿ.

ಫ್ಯಾನ್ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿ. ಮಾಮೂಲಿ ಸೀಲಿಂಗ್ ಫ್ಯಾನ್ 70–75 ವ್ಯಾಟ್ ಎಳೆದರೆ ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗುವ ಮನೆಯಲ್ಲಿ ಒಂದು ಫ್ಯಾನಿಗೇ ತಿಂಗಳಿಗೆ 20 ಯೂನಿಟ್ ಉಳಿತಾಯ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬೆಸ್ಕಾಂ ಇರಲಿ ಜೆಸ್ಕಾಂ ಇರಲಿ, ಒಂದೆರಡು ಬೇಸಿಗೆಯಲ್ಲಿ ಹುಟ್ಟುತ್ತದೆ. ಒಂದು ಎಚ್ಚರಿಕೆ ಮಾತ್ರ ಒಣ ಸೆಕೆಯವರಿಗೆ. ಕೋಣೆಯ ಗಾಳಿಯೇ 40 ಡಿಗ್ರಿ ಆಗಿರುವಾಗ ಬರೀ ಫ್ಯಾನ್ ಹಾಕಿದರೆ ಅದು ಝಳವನ್ನೇ ಮೈಮೇಲೆ ಬೀಸುತ್ತದೆ, ಮೈ ಇನ್ನಷ್ಟು ಕಾಯುತ್ತದೆ. ಆಗ ಒದ್ದೆ ಬಟ್ಟೆ ಕತ್ತಿಗೆ, ತೋಳಿಗೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂರಬೇಕು.

ಮಾಳಿಗೆ ಮತ್ತು ಕಿಟಕಿ

ಯಂತ್ರಕ್ಕೆ ದುಡ್ಡು ಹಾಕುವ ಮುಂಚೆ ತಲೆ ಎತ್ತಿ ಮೇಲೆ ನೋಡಿ. ಕಾಂಕ್ರೀಟ್ ಆರ್‌ಸಿಸಿ ಮನೆಯಲ್ಲಿ ರಾತ್ರಿ ಹತ್ತಕ್ಕೂ ಸೆಕೆ ಇಳಿಯದಿರುವುದಕ್ಕೆ ಕಾರಣ ಹಗಲೆಲ್ಲ ಕಾದ ಚಾವಣಿ. ಇದಕ್ಕೆ ಮೂರು ಪರಿಹಾರ.

ಅಗ್ಗದ್ದು ಸುಣ್ಣ. ಫೆಬ್ರವರಿ ಕೊನೆಗೆ ಟೆರೇಸ್ ಗುಡಿಸಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೈ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಸ್ವಂತ ಮನೆ ಇರುವವರು ಟೆರೇಸಿಗೇ ಅಂತ ಬರುವ ಬಿಳಿ ಕೂಲ್ ರೂಫ್ ಪೇಂಟ್ ಹಾಕಿಸಿದರೆ ಕೆಲವು ವರ್ಷ ಚಿಂತೆಯಿಲ್ಲ, ಸಣ್ಣಪುಟ್ಟ ಸೋರಿಕೆಯೂ ನಿಲ್ಲುತ್ತದೆ. ಬಾಡಿಗೆ ಮನೆಯವರಿಗೆ ನನ್ನ ಸಲಹೆ ಸುಣ್ಣವೇ. ಓನರ್ ಒಪ್ಪಿದರೆ ಒಂದು ಭಾನುವಾರದ ಕೆಲಸ. ಹಸಿರು ಶೇಡ್ ನೆಟ್ ಕಟ್ಟುವುದು ಮೂರನೆಯದು. ಟೆರೇಸಿನಲ್ಲಿ ಗಿಡ ಇದ್ದರೆ ಅದೇ ಒಳ್ಳೆಯದು, ಗಿಡಕ್ಕೂ ನೆರಳು ಚಾವಣಿಗೂ ನೆರಳು. ಗಾಳಿಮಳೆಗೆ ಹಾರಿಹೋಗದ ಹಾಗೆ ಗಟ್ಟಿಯಾಗಿ ಕಟ್ಟಬೇಕು ಅಷ್ಟೇ. ಕರಾವಳಿಯಲ್ಲಿ ಮಳೆಗೆಂದು ಟೆರೇಸ್ ಮೇಲೆ ಶೀಟ್ ಹಾಕಿಸುವವರು ಜಾಸ್ತಿ. ಶೀಟಿಗೂ ಚಾವಣಿಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟಿದ್ದರೆ ಬೇಸಿಗೆಗೂ ಅದೇ ಸಾಕು.

ಕಿಟಕಿ ವಿಚಾರದಲ್ಲಿ ನಮ್ಮ ಹಳೆಯ ಮನೆಗಳೇ ದಾರಿ ತೋರಿಸುತ್ತವೆ. ಬಯಲುಸೀಮೆಯ ಹಳೆ ಮನೆ ನೋಡಿ. ಮೊಳಗಟ್ಟಲೆ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿ, ಬೆಳಕಿಗೆ ಮೇಲೊಂದು ಬೆಳಕಿಂಡಿ. ಝಳವನ್ನು ಒಳಗೆ ಬಿಡಬಾರದು ಅನ್ನುವ ಹಟದಲ್ಲೇ ಕಟ್ಟಿದ ಮನೆ ಅದು. ಕರಾವಳಿಯ ಮನೆಗೆ ಎತ್ತರದ ಹೆಂಚಿನ ಮಾಡು, ಸುತ್ತ ಜಗಲಿ, ಎದುರುಬದುರು ಕಿಟಕಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಕೆಂಪು ಹೆಂಚು ಊರೂರಿಗೆ ಹೋಯಿತು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗಿಬಿಡುತ್ತದೆ.

ಈಗಿನ ಮನೆಯಲ್ಲೂ ಅದನ್ನೇ ಮಾಡಿ. ಒಣ ಸೆಕೆಯವರು ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಕಿಟಕಿ ಮುಚ್ಚಿ, ಪರದೆ ಎಳೆದು, ಸೂರ್ಯ ಮುಳುಗಿದ ಮೇಲೆ ಎಲ್ಲ ತೆರೆಯಿರಿ. ಪಶ್ಚಿಮದ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಗಾಳಿಯೂ ತಂಪು, ಮನೆಯೆಲ್ಲ ಘಮ. ಬೆವರಿನ ಸೆಕೆಯವರು ಎಲ್ಲವನ್ನೂ ತೆರೆದೇ ಇಡಿ, ಸೊಳ್ಳೆ ಜಾಲರಿ ಹಾಕಿಸಿಕೊಳ್ಳಿ. ತಟ್ಟಿಗೆ ನೀರು ಚಿಮುಕಿಸುವ ಗೋಜಿಗೆ ಹೋಗಬೇಡಿ.

ರಾತ್ರಿ ಮಲಗುವುದಕ್ಕೂ ಇದೇ ನಿಯಮ. ಒಣ ಸೀಮೆಯಲ್ಲಿ ಟೆರೇಸ್ ಮೇಲೆ ಮಲಗುವಷ್ಟು ಸುಖ ಇನ್ನೊಂದಿಲ್ಲ, ಹನ್ನೊಂದರ ಮೇಲೆ ತೆಳ್ಳನೆ ಕೌದಿ ಬೇಕೆನಿಸುತ್ತದೆ. ಕರಾವಳಿಯಲ್ಲಿ ಕಿಟಕಿ ಪಕ್ಕ ನೆಲದ ಮೇಲೆ ಚಾಪೆ ಹಾಸಿ. ಫೋಮ್ ಹಾಸಿಗೆ ಬೆನ್ನಿನ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ.

ರಂಜಣಗಿಯೋ, ಫ್ರಿಜ್ಜೋ?

ಮಣ್ಣಿನ ಮಡಕೆಯನ್ನು, ಉತ್ತರದ ಕಡೆಯವರ ರಂಜಣಗಿಯನ್ನು, ಎಲ್ಲರೂ ಹೊಗಳುತ್ತಾರೆ. ಅದೂ ಕೂಲರಿನ ಹಾಗೇ ಕೆಲಸ ಮಾಡುತ್ತದೆ ಅನ್ನುವುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ, ಆರುತ್ತಾ ಒಳಗಿನ ನೀರನ್ನು ತಂಪು ಮಾಡುತ್ತದೆ. ಆದ್ದರಿಂದಲೇ ವಿಜಯಪುರದ ಕಡೆ ರಂಜಣಗಿ ನೀರು ಹಲ್ಲಿಗೆ ಹಿತವಾಗಿ ತಣ್ಣಗಿರುತ್ತದೆ. ಉಡುಪಿಯಲ್ಲಿ ಅದೇ ಮಡಕೆ ಇಟ್ಟರೆ ಹೊರಮೈ ಒದ್ದೆಯಾಗಿ ಪಾಚಿ ಕಟ್ಟುತ್ತದೆ, ನೀರು ಹೆಚ್ಚೇನೂ ತಂಪಾಗುವುದಿಲ್ಲ.

ಒಣ ಸೆಕೆಯವರು ಮಡಕೆ ತರುವಾಗ ಬಣ್ಣ, ವಾರ್ನಿಷ್ ಬಳಿದದ್ದನ್ನು ಬಿಟ್ಟುಬಿಡಿ. ರಂಧ್ರ ಮುಚ್ಚಿದ ಮಡಕೆ ಬರೀ ಶೋಕೇಸಿಗೆ. ಬೆರಳಿನ ಗೆಣ್ಣಿನಿಂದ ಸುತ್ತಲೂ ತಟ್ಟಿ ನೋಡಿ, ಕಂಚಿನ ದನಿ ಬಂದರೆ ಚೆನ್ನಾಗಿ ಬೆಂದಿದೆ, ಡಬಡಬ ಅಂದರೆ ಎಲ್ಲೋ ಬಿರುಕಿದೆ. ಮನೆಗೆ ತಂದು ಒಂದು ದಿನ ಪೂರ್ತಿ ನೀರಿನಲ್ಲಿ ನೆನೆಸಿ. ಮೊದಲ ಎರಡು ದಿನದ ನೀರನ್ನು ಗಿಡಕ್ಕೆ ಹಾಕಿ, ಮಣ್ಣಿನ ವಾಸನೆ ಇಳಿಯುತ್ತದೆ. ಆಮೇಲೆ ಅಗಲವಾದ ಬಾಣಲಿಗೋ ತಟ್ಟೆಗೋ ಮರಳು ತುಂಬಿ, ನೆನೆಸಿ, ಅದರ ಮೇಲೆ ಮಡಕೆ ಕೂರಿಸಿ. ಗಾಳಿ ಆಡುವ ನೆರಳು ಬೇಕು. ಅಡುಗೆಮನೆಯ ಮೂಲೆಯಲ್ಲಿ, ಸಿಂಕಿನ ಪಕ್ಕ ತುರುಕಿದರೆ ಏನೂ ಪ್ರಯೋಜನವಿಲ್ಲ. ಹೊಟ್ಟೆಯ ಸುತ್ತ ಒದ್ದೆ ಹತ್ತಿಬಟ್ಟೆ ಸುತ್ತಿ. ಮರಳಿಗೆ ಒಂದು ಹಿಡಿ ಮೆಂತ್ಯ ಚೆಲ್ಲಿದರೆ ಅದೇ ಪಸೆಯಲ್ಲಿ ಮೊಳಕೆ ಬಂದು, ವಾರ ಕಳೆಯುವಷ್ಟರಲ್ಲಿ ಮಡಕೆಯ ಸುತ್ತ ಹಸಿರು ಬಳೆ ತೊಡಿಸಿದಂತೆ ಏಳುತ್ತದೆ. ಚಪಾತಿ ಹಿಟ್ಟಿಗೆ ಹಾಕಲು ಸೊಪ್ಪು ಸಿಕ್ಕಿತು. ತೊಳೆಯುವಾಗ ಸೋಪು ಬೇಡ, ರಂಧ್ರದೊಳಗೆ ಸೇರಿಕೊಳ್ಳುತ್ತದೆ. ತೆಂಗಿನ ನಾರಿನಿಂದ ಉಜ್ಜಿ.

ಕರಾವಳಿಯವರಿಗೆ ಫ್ರಿಜ್ ನೀರೇ ಸರಿ, ಅರ್ಧ ತಣ್ಣೀರು ಅರ್ಧ ಮಾಮೂಲಿ ನೀರು ಬೆರೆಸಿ ಕುಡಿಯಿರಿ. ಲಾವಂಚದ ಬೇರನ್ನು ಹಾಕಿ ಕುದಿಸಿ ಆರಿಸಿದ ನೀರಿನ ರುಚಿ ಒಮ್ಮೆ ಹಿಡಿದರೆ ತಣ್ಣಗಿಲ್ಲ ಅನ್ನುವ ಕೊರಗೂ ಹೋಗುತ್ತದೆ.

ಕುಡಿಯುವುದಕ್ಕೆ ಏನು?

ಒಣ ಸೆಕೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬೆವರು ಆಗಿಂದಾಗ್ಗೆ ಆರಿಹೋಗುವುದರಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಬಾಯಾರಲಿ ಅಂತ ಕಾಯದೆ ಕುಡಿಯುತ್ತಿರಬೇಕು. ಹೊಟ್ಟೆಗೂ ಆಧಾರವಾಗುವ ಅಂಬಲಿ ಇಲ್ಲಿ ಬಹಳ ಒಳ್ಳೆಯದು, ಉತ್ತರದಲ್ಲಿ ಜೋಳದ್ದು, ಹಳೆ ಮೈಸೂರಿನ ಕಡೆ ರಾಗಿಯದು. ರಾತ್ರಿ ಕಾಯಿಸಿ ಆರಿಸಿಟ್ಟ ಅಂಬಲಿಗೆ ಬೆಳಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿದರೆ ಹನ್ನೆರಡರವರೆಗೆ ಬೇರೇನೂ ಬೇಡ.

ಬೆವರಿನ ಸೆಕೆಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಹಾಗಾಗಿ ಉಪ್ಪು ಬಿದ್ದ ಪಾನೀಯಗಳು ಬೇಕು. ಕರಾವಳಿಯ ಪುನರ್ಪುಳಿ, ಮಲೆನಾಡಿನವರ ಮುರುಗಲು, ಇದಕ್ಕೆಂದೇ ಇರುವಂಥದ್ದು. ಒಣಗಿದ ಸಿಪ್ಪೆ ನೆನೆಸಿ, ಹಿಂಡಿ, ಬೆಲ್ಲದ ಜೊತೆ ಚಿಟಿಕೆ ಉಪ್ಪು ಮರೆಯದೆ ಹಾಕಿ. ಒಂದೆಲಗದ ತಂಬುಳಿ, ಶಿರಸಿ ಕಡೆಯ ಅಪ್ಪೆಹುಳಿ, ಬಿಸಿಯಿಲ್ಲದ ಗಂಜಿ ಜೊತೆ ಉಪ್ಪಿನಕಾಯಿ, ಎಲ್ಲವೂ ಅದೇ ಲೆಕ್ಕದವು.

ಎಳನೀರಿಗೂ ಓಆರ್‌ಎಸ್‌ಗೂ ಏನು ವ್ಯತ್ಯಾಸ ಅಂತ ಕೇಳುವವರಿದ್ದಾರೆ. ಬಿಸಿಲಿನಲ್ಲಿ ತಿರುಗಿ ದಣಿದವರಿಗೆ ಎಳನೀರು ಸಾಕು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಅದಕ್ಕೇ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ವಾಂತಿ, ಭೇದಿ ಆಗಿದ್ದರೆ ಓಆರ್‌ಎಸ್ಸೇ ಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಸಿಲಿಗೆ ಸಿಕ್ಕವರು ತೊದಲಿದರೆ, ಗಲಿಬಿಲಿಯಾಗಿ ಮಾತಾಡಿದರೆ, ಮೈ ಸುಡುತ್ತಿದ್ದರೆ ಪಾನಕ ಕುಡಿಸುತ್ತಾ ಕೂರಬೇಡಿ. ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ.

ಪೊಟ್ಟಣದ ಜ್ಯೂಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಲದ ಹಣ್ಣು, ಕರಬೂಜ, ನಿಂಬೆ, ಸೊಗದೆ ಬೇರು ಸಿಗುವ ನಾಡಿನಲ್ಲಿ ಅದರ ಅಗತ್ಯವಿಲ್ಲ.

ದುಡ್ಡಿಲ್ಲದ ಆಯ್ಕೆ: ಗಡಿಯಾರ

ಬೇಸಿಗೆ ಬಂದರೆ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಇದನ್ನು ಮನೆಯಲ್ಲೂ ಯಾಕೆ ಮಾಡಬಾರದು? ಮಧ್ಯಾಹ್ನದ ಅಡುಗೆ ಬೆಳಗ್ಗೆ ಎಂಟಕ್ಕೇ ಮುಗಿಯಲಿ. ಕುಕ್ಕರ್ ಎರಡು ಸಲ ಕೂಗಿದರೆ ಅಡುಗೆಮನೆಯ ಕಾವು ಇಡೀ ಮನೆಗೆ ಹರಡುತ್ತದೆ. ಆ ಕಾವು ತಿನ್ನುವವರು ಯಾರು ಅಂತ ಮನೆಯ ಗಂಡಸರು ಒಮ್ಮೆ ಒಲೆ ಮುಂದೆ ನಿಂತು ನೋಡಬೇಕು. ರಾತ್ರಿಗೆ ಕೋಸಂಬರಿ, ಮೊಸರನ್ನ, ಅವಲಕ್ಕಿಯಂಥ ಒಲೆ ಬೇಡದ ಊಟ ಸಾಕು. ಓಡಾಟದ ಕೆಲಸ, ಬ್ಯಾಂಕು, ಸಂತೆ ಎಲ್ಲ ಹನ್ನೊಂದರೊಳಗೆ. ಮಧ್ಯಾಹ್ನ ಒಂದರಿಂದ ನಾಲ್ಕು, ಸುಮ್ನೆ ಮಲಗಿ. ಅದು ಸೋಮಾರಿತನ ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ರಜಕ್ಕೆ ಎಲ್ಲಿಗೆ?

ಇಲ್ಲೂ ಊರು ನೋಡಿಕೊಂಡೇ ಹೇಳಬೇಕು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು. ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಮಡಿಕೇರಿ 1150ರ ಆಸುಪಾಸು. ಬರೀ ಎತ್ತರದ ಲೆಕ್ಕ ಹಿಡಿದರೆ ಬೆಂಗಳೂರಿಗರಿಗೆ ಸಿಗುವುದು ಒಂದೂವರೆ ಡಿಗ್ರಿ! ಮಿಕ್ಕ ತಂಪೆಲ್ಲ ಮರದ್ದು, ಆಗಾಗ ಬೀಳುವ ಮಳೆಯದು. ಹಾಗಾಗಿ ಬೆಂಗಳೂರಿನಿಂದ ಹೋಗುವವರು ಮಡಿಕೇರಿ ಪೇಟೆಯ ಕಾಂಕ್ರೀಟ್ ಹೋಟೆಲಿನಲ್ಲಿ ಇಳಿದರೆ ಟ್ರಾಫಿಕ್ಕಿನಿಂದ ಟ್ರಾಫಿಕ್ಕಿಗೆ ಹೋದಂತೆ. ತೋಟದ ಒಳಗಿನ ಹೋಮ್‌ಸ್ಟೇ ಹಿಡಿಯಿರಿ, ಎಲ್ಲೂ ತಿರುಗಬೇಡಿ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಗಿಡ ಅರಳುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಆ ದಿನ ಸಿಕ್ಕಿದರೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಹಾಗೆ ಘಮ. ಹೊರಡುವ ಮುಂಚೆ ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ‘ಹೂಮಳೆ ಆಯ್ತಾ’ ಅಂತ ಕೇಳಿ.

ಬಳ್ಳಾರಿ, ಕಲಬುರಗಿ, ರಾಯಚೂರಿನವರಿಗೆ ಲೆಕ್ಕ ಬೇರೆ. ನೀವಿರುವುದು 400–500 ಮೀಟರಿನಲ್ಲಿ. ಬೆಟ್ಟ ಹತ್ತಿದರೆ ನಿಮಗೆ ನಿಜಕ್ಕೂ ತಂಪು ಸಿಗುತ್ತದೆ. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿ ನನ್ನ ಮೊದಲ ಆಯ್ಕೆ, 1434 ಮೀಟರ್. ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. ಐಷಾರಾಮ ಹುಡುಕುವವರಿಗೆ ಆ ಜಾಗ ಹಿಡಿಸದು, ಬೆಳಗ್ಗೆ ಎದ್ದು ಸ್ವೆಟರ್ ಹುಡುಕಬೇಕು ಅನ್ನುವವರಿಗೆ ಹಿಡಿಸುತ್ತದೆ. ಬೆಟ್ಟ ಬೇಡ ಅನ್ನುವವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಮನೆಗಳಿಗೆ ಹೋಗಿ. ಎತ್ತರ ಅಷ್ಟಿಲ್ಲ, ಆದರೆ ನೆರಳಿದೆ, ಹೊಳೆಯಿದೆ, ಊಟವಿದೆ.

ಕಡಲ ತೀರ ಯಾರಿಗೆ? ಸೆಕೆ ತಪ್ಪಿಸಿಕೊಳ್ಳಲು ಹೋಗುವವರಿಗೆ ಖಂಡಿತ ಬೇಡ. ಮಕ್ಕಳಿಗೆ ಮರಳು, ನೀರು ಬೇಕು ಅನ್ನುವವರು ಹೋಗಲಿ. ಗೋಕರ್ಣ, ಮರವಂತೆ, ಕಾಪು, ಎಲ್ಲಿಯೇ ಆಗಲಿ ಬೆಳಗ್ಗೆ ಎಂಟೂವರೆಯವರೆಗೆ, ಸಂಜೆ ಐದರ ಮೇಲೆ. ನಡುವಿನ ಹೊತ್ತು ಮರಳಿನ ಮೇಲೆ ಕಾಲಿಡಲಾಗದು. ಮೇ ಕೊನೆಯ ಹೊತ್ತಿಗೆ ಮಳೆಗಾಳಿ ಶುರುವಾಗಿ ಕಡಲು ಒರಟಾಗುತ್ತದೆ. ಆಗ ‘ಮೊಣಕಾಲುದ್ದ ನೀರಿನಲ್ಲಿ ಏನಾಗುತ್ತೆ’ ಅನ್ನುವ ಧೈರ್ಯ ಯಾರಿಗೂ ಬೇಡ. ಈಜು ಬೇಕಾದವರು ಏಪ್ರಿಲ್‌ನಲ್ಲೇ ಹೋಗಿಬನ್ನಿ.

ಬೇಸಿಗೆಯಲ್ಲೇ ಚೆಂದ ಇರುವ ಜಾಗಗಳೂ ಇವೆ. ಕಾಡಿನೊಳಗೆ ಕೆರೆಕಟ್ಟೆ ಬತ್ತುವುದರಿಂದ ಆನೆಗಳು ಕಬಿನಿ ಹಿನ್ನೀರಿಗೆ ಇಳಿಯುತ್ತವೆ. ಮಾರ್ಚಿನಿಂದ ಮೇವರೆಗೆ ಸಫಾರಿಯಲ್ಲಿ ಹಿಂಡುಹಿಂಡಾಗಿ ಕಾಣುವ ಅವಕಾಶ ಜಾಸ್ತಿ. ದಾಂಡೇಲಿಯ ಕಾಳಿ ನದಿಗೆ ಸೂಪಾ ಅಣೆಕಟ್ಟಿನಿಂದ ನೀರು ಬಿಡುವುದರಿಂದ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುತ್ತದೆ. ಜೋಗಕ್ಕೆ ಮಾತ್ರ ಈಗ ಹೋಗಬೇಡಿ, ಬಂಡೆ ನೋಡಿ ಬರಬೇಕಾಗುತ್ತದೆ. ಮಳೆಗಾಲಕ್ಕೆ ಇಟ್ಟುಕೊಳ್ಳಿ. ಹಂಪಿ, ಬಾದಾಮಿಯೂ ಅಷ್ಟೇ. ಬಂಡೆಗಳು ಹಗಲೆಲ್ಲ ಕಾವು ಕುಡಿದು ಸಂಜೆ ಹೊರಬಿಡುತ್ತವೆ. ಅಜ್ಜ ಅಜ್ಜಿಯರನ್ನು ಮೇ ತಿಂಗಳಲ್ಲಿ ಅಲ್ಲಿ ಮೆಟ್ಟಿಲು ಹತ್ತಿಸುವುದು ಬೇಡ. ಚಾರಣಕ್ಕೆ ಹೋಗುವವರು ಅರಣ್ಯ ಇಲಾಖೆಯ ಬುಕಿಂಗ್ ತೆರೆದಿದೆಯೇ ನೋಡಿ ಹೊರಡಿ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಹಲವು ದಾರಿಗಳನ್ನು ಮುಚ್ಚುತ್ತಾರೆ.

ಬೆಂಗಳೂರಿನಿಂದ ಕರಾವಳಿಗೆ ರೈಲೇ ಸುಖ. ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಗಾಡಿ, ಮಲಗಿ ಎದ್ದರೆ ಕರಾವಳಿ. ಚಿಕ್ಕ ಮಕ್ಕಳಿದ್ದರೆ ಇದೇ ಒಳ್ಳೆಯದು, ಸೆಕೆಯೂ ಇಲ್ಲ ರಗಳೆಯೂ ಇಲ್ಲ. ಸಕಲೇಶಪುರದ ಆಚೆಯ ಘಟ್ಟ ನೋಡಬೇಕು ಅನ್ನುವವರು ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಇರುವ ಹಗಲು ಗಾಡಿ ಹಿಡಿಯಲಿ. ಈಗ ರಿಸರ್ವೇಶನ್ ತೆರೆಯುವುದು 60 ದಿನ ಮುಂಚೆ. ಮೇ ಮೊದಲ ವಾರದ ಟಿಕೆಟ್ ಬೇಕಾದರೆ ಮಾರ್ಚ್ ಮೊದಲ ವಾರದಲ್ಲೇ ಕೂರಬೇಕು.

ಅಜ್ಜಿ ಮನೆಯೋ, ಶಿಬಿರವೋ?

ಎರಡೂ ಸಿಕ್ಕಿದರೆ ಅಜ್ಜಿ ಮನೆಯನ್ನೇ ಆರಿಸುತ್ತೇನೆ. ಒಂದು ಉದಾಹರಣೆ ಸಾಕು, ಹಲಸಿನ ಹಪ್ಪಳ ಮಾಡುವ ದಿನ. ಬೆಳಗ್ಗೆ ಬಲಿತ ಕಾಯಿ ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಬೇಕು. ಅದನ್ನು ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಿನಲ್ಲಿ ಕುಟ್ಟಬೇಕು. ಉಂಡೆ ಕಟ್ಟುವುದು ಚಿಕ್ಕವರ ಕೆಲಸ, ಮಣೆಯ ನಡುವೆ ಒತ್ತುವುದು ದೊಡ್ಡವರದು, ಚಾಪೆಯ ಮೇಲೆ ಹರವುವುದು ನಡುವಿನವರದು. ಕಾಗೆ ಓಡಿಸುತ್ತಾ ಕಾವಲು ಕೂರುವವರು ಹಸಿ ಹಪ್ಪಳದ ಹಿಟ್ಟನ್ನು ಕದ್ದು ತಿನ್ನುವುದು ಅಜ್ಜಿಗೂ ಗೊತ್ತಿರುತ್ತದೆ. ಒಂದು ದಿನ ಪೂರ್ತಿ ಮೊಬೈಲ್ ಯಾರಿಗೂ ನೆನಪಾಗುವುದಿಲ್ಲ.

ಅಜ್ಜಿ ಮನೆ ಇಲ್ಲದ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಶಿಬಿರ ಬೇಕೇ ಬೇಕು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಅಂಥದ್ದರಲ್ಲಿ ಹೆಸರಾದದ್ದು. ನಾಟಕ, ಹಾಡು, ಮುಖವಾಡ ಎಲ್ಲ ಒಂದೇ ಜಾಗದಲ್ಲಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಬಿಟ್ಟಿ. ಶಿಬಿರ ಆರಿಸುವಾಗ ಜಾಹೀರಾತು ನೋಡಬೇಡಿ, ಜಾಗ ನೋಡಿ. ತಗಡಿನ ಶೀಟಿನ ಕೆಳಗೆ ಮಧ್ಯಾಹ್ನ ಎರಡರವರೆಗೆ ಕೂರಿಸುವ ಶಿಬಿರ ಎಷ್ಟೇ ಚೆನ್ನಾಗಿದ್ದರೂ ಬೇಡ. ಬೆಳಗ್ಗೆ ಏಳೂವರೆಗೆ ಶುರುವಾಗಿ ಹನ್ನೊಂದಕ್ಕೆ ಬಿಡುವಂಥದ್ದನ್ನು ಹುಡುಕಿ. ಉಳಿದ ಮಧ್ಯಾಹ್ನಕ್ಕೆ ಚೌಕಾಬಾರ, ಅಳಗುಳಿ ಮಣೆ ಇವೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆ ಬೀಜ ಉಜ್ಜಿ ದಾಳ ಮಾಡಿಕೊಂಡರಾಯಿತು.

ಊರಿಗೆ ಹೊರಟಾಗ ಗಿಡಗಳಿಗೆ

ಮೂರ್ನಾಲ್ಕು ದಿನಕ್ಕಾದರೆ ಕುಂಡಗಳನ್ನೆಲ್ಲ ನೆರಳಿಗೆ ಒತ್ತಾಗಿ ಸೇರಿಸಿ, ತುಂಬಾ ನೀರು ಹಾಕಿ, ಮಣ್ಣಿನ ಮೇಲೆ ಒಣಎಲೆ ಇಲ್ಲವೇ ತೆಂಗಿನ ನಾರು ಹೊದಿಸಿದರೆ ಸಾಕು. ಒಂದು ವಾರವಾದರೆ ಹತ್ತಿ ಹಗ್ಗದ ಉಪಾಯ. ಬಕೆಟ್ಟನ್ನು ಕುಂಡಕ್ಕಿಂತ ಎತ್ತರದಲ್ಲಿಟ್ಟು, ನೆನೆಸಿದ ಹಗ್ಗದ ಒಂದು ತುದಿ ನೀರಿನ ತಳದಲ್ಲಿ, ಇನ್ನೊಂದು ತುದಿ ಮಣ್ಣಿನೊಳಗೆ ನಾಲ್ಕು ಬೆರಳು ಆಳಕ್ಕೆ. ಬಾಟಲಿ ತಲೆಕೆಳಗೆ ಸಿಕ್ಕಿಸುವುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಸಡಿಲ ಮಣ್ಣಿನಲ್ಲಿ ಅದು ಒಂದೇ ರಾತ್ರಿಯಲ್ಲಿ ಖಾಲಿಯಾಗುತ್ತದೆ. ದೊಡ್ಡ ಗಿಡಕ್ಕೆ ಬಣ್ಣ ಬಳಿಯದ ಚಿಕ್ಕ ಮಡಕೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟರೆ ಬೇರು ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ.

ಎರಡು ವಾರ ಅಂದರೆ ಪಕ್ಕದ ಮನೆಯವರಿಗೇ ಬೀಗದ ಕೈ ಕೊಡಿ. ಹೊರಡುವ ಮುಂಚೆ ಕೂಲರ್ ತೊಟ್ಟಿ, ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಈ ಮೂರನ್ನೂ ಖಾಲಿ ಮಾಡಿ ಒರೆಸಿಡಿ. ಬಕೆಟ್ಟಿನ ಬಾಯಿಗೆ ಹಳೆ ಪಂಚೆ ಬಿಗಿಯಾಗಿ ಕಟ್ಟಿ, ಹಗ್ಗ ಹೊರಬರುವಷ್ಟು ಮಾತ್ರ ಸಂದಿ ಬಿಡಿ.